ನಾಣ್ಯಕ್ಕಿಂತ ಚಿಕ್ಕ ಕಣ ವೇಗವರ್ಧಕ: ಫಾರ್ವರ್ಡ್ ಸಂದೇಶದಲ್ಲಿ ಎಷ್ಟು ನಿಜ?

“27 ಕಿಲೋಮೀಟರ್ ಉದ್ದದ ಯಂತ್ರ ಈಗ ನಾಣ್ಯದಷ್ಟು ಚಿಪ್‌ನಲ್ಲಿ! ಕ್ಯಾನ್ಸರ್‌ಗೆ ಇನ್ನು ದೊಡ್ಡ ರೇಡಿಯೇಷನ್ ಯಂತ್ರ ಬೇಡ!” ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ನಂಬಿದರೆ ಅಪಾಯ.

ನಿಜ ಏನು?

2023ರ ಅಕ್ಟೋಬರ್‌ನಲ್ಲಿ ಜರ್ಮನಿಯ ಎರ್ಲಾಂಗೆನ್-ನ್ಯೂರೆಂಬರ್ಗ್ ವಿಶ್ವವಿದ್ಯಾಲಯದ ಪೀಟರ್ ಹೊಮ್ಮೆಲ್‌ಹೋಫ್ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿತು. ಅದರಲ್ಲಿ ಎಲೆಕ್ಟ್ರಾನ್‌ಗಳು ಓಡಿದ ದಾರಿಯ ಉದ್ದ ಕೇವಲ ಅರ್ಧ ಮಿಲಿಮೀಟರ್. ಅಗಲ ಸುಮಾರು 225 ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು. ಅಷ್ಟರೊಳಗೆ ಎಲೆಕ್ಟ್ರಾನ್‌ಗಳ ಶಕ್ತಿ 28,400 ಎಲೆಕ್ಟ್ರಾನ್ ವೋಲ್ಟ್‌ನಿಂದ 40,700ಕ್ಕೆ ಏರಿತು.

ಹೇಗೆ ಕೆಲಸ ಮಾಡುತ್ತದೆ?

ಚಿಪ್ ಮೇಲೆ ಸಿಲಿಕಾನ್‌ನ ಪುಟ್ಟ ಕಂಬಗಳು ಎರಡು ಸಾಲಿನಲ್ಲಿ ನಿಂತಿರುತ್ತವೆ. ನಡುವಿನ ಓಣಿಯಲ್ಲಿ ಎಲೆಕ್ಟ್ರಾನ್ ಓಡುತ್ತದೆ, ಪಕ್ಕದಿಂದ ಲೇಸರ್ ಬೆಳಕು ಬೀಳುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಒಮ್ಮೆ ಮುಂದೆ ತಳ್ಳಿದರೆ ಮರುಕ್ಷಣ ಹಿಂದಕ್ಕೆ ಎಳೆಯುತ್ತದೆ, ಕೊನೆಗೆ ಲಾಭ ಸೊನ್ನೆ. ಕಂಬಗಳ ಕೆಲಸ ಇಲ್ಲೇ ಇರುವುದು. ಎಲೆಕ್ಟ್ರಾನ್ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಟ್ಟಾರೆ ಮುಂದಕ್ಕೇ ತಳ್ಳು ಸಿಗುವಂತೆ ಅವು ಬೆಳಕಿನ ಕ್ಷೇತ್ರವನ್ನು ರೂಪಿಸುತ್ತವೆ. ಜೋಕಾಲಿಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದ ಹಾಗೆ. ವೇಗ ಹೆಚ್ಚಿದಂತೆ ಕಂಬಗಳ ಅಂತರವೂ ಹೆಚ್ಚಬೇಕು. ಎಲೆಕ್ಟ್ರಾನ್‌ಗಳು ಗೋಡೆಗೆ ಬಡಿಯದಂತೆ ಕಾಯುವ ಏರ್ಪಾಡನ್ನೂ ಕಂಬಗಳ ಜೋಡಣೆಯಲ್ಲೇ ಮಾಡಿದ್ದಾರೆ.

ಸಾಮಾನ್ಯ ವೇಗವರ್ಧಕದಲ್ಲಿ ಈ ಕೆಲಸವನ್ನು ಲೋಹದ ಕೊಳವೆಯೊಳಗಿನ ಮೈಕ್ರೋವೇವ್ ಮಾಡುತ್ತದೆ. ಅದರ ಅಲೆಯ ಉದ್ದ ಸೆಂಟಿಮೀಟರ್‌ಗಳಲ್ಲಿ, ಲೇಸರ್‌ನದ್ದು ಮಿಲಿಮೀಟರ್‌ನ ಸಾವಿರದ ಪಾಲುಗಳಲ್ಲಿ. ಯಂತ್ರ ಕುಗ್ಗುವ ಗುಟ್ಟು ಇದೇ.

ಸುಳ್ಳು ಎಲ್ಲಿದೆ?

27 ಕಿಲೋಮೀಟರ್ ಸುತ್ತಳತೆಯ ಯಂತ್ರ ಜಿನೀವಾ ಬಳಿಯ ಎಲ್‌ಎಚ್‌ಸಿ. ಅಲ್ಲಿ ಓಡುವುದು ಪ್ರೋಟಾನ್‌ಗಳು, ಒಂದೊಂದರ ಶಕ್ತಿ 6.8 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್‌ವರೆಗೆ. ಚಿಪ್‌ನ 40,700ಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ನಮ್ಮ ಮನೆಗಳಲ್ಲಿದ್ದ ಹಳೆಯ ಡಬ್ಬಾ ಕಲರ್ ಟಿವಿಯ ಪಿಕ್ಚರ್ ಟ್ಯೂಬಿನಲ್ಲೇ ಎಲೆಕ್ಟ್ರಾನ್‌ಗಳಿಗೆ ಸುಮಾರು 25,000 ಎಲೆಕ್ಟ್ರಾನ್ ವೋಲ್ಟ್ ಸಿಗುತ್ತಿತ್ತು!

ಆಸ್ಪತ್ರೆಯ ರೇಡಿಯೇಷನ್ ಯಂತ್ರದಲ್ಲಿ ಸಾಮಾನ್ಯವಾಗಿ 60 ಲಕ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಚಿಪ್ ಸೇರಿಸಿದ್ದು 12,300 ಮಾತ್ರ, ಅಂದರೆ ಐನೂರರಲ್ಲಿ ಒಂದು ಪಾಲಿನಷ್ಟು. ಹಾದುಹೋದ ಎಲೆಕ್ಟ್ರಾನ್‌ಗಳ ಸಂಖ್ಯೆಯೂ ಚಿಕಿತ್ಸೆಗೆ ಏನೇನೂ ಸಾಲದು. ಚಿಪ್ ಚಿಕ್ಕದಾದರೂ ಅದಕ್ಕೆ ಬೇಕಾದ ಲೇಸರ್, ನಿರ್ವಾತ ಕೋಣೆ ಚಿಕ್ಕವಲ್ಲ.

ಹಾಗಾದರೆ ಇದು ವ್ಯರ್ಥವೇ?

ಖಂಡಿತ ಅಲ್ಲ. ಮುಂದೊಂದು ದಿನ ಎಂಡೋಸ್ಕೋಪ್ ತುದಿಯಲ್ಲಿ ಇಂಥ ಚಿಪ್ ಇಟ್ಟು ಗೆಡ್ಡೆಯ ಹತ್ತಿರವೇ ರೇಡಿಯೇಷನ್ ಕೊಡಬೇಕು ಎಂಬುದು ವಿಜ್ಞಾನಿಗಳ ಕನಸು. ಆದರೆ ಅದು ಇನ್ನೂ ಕನಸು, ಯಾವ ಆಸ್ಪತ್ರೆಯಲ್ಲೂ ಸಿಗುವ ಚಿಕಿತ್ಸೆಯಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ವೈದ್ಯರು ರೇಡಿಯೇಷನ್ ಹೇಳಿದ್ದರೆ, “ಹೊಸ ಚಿಪ್ ಬರಲಿ” ಎಂದು ಒಂದು ದಿನವೂ ಕಾಯಬೇಡಿ. ಗೆಡ್ಡೆ ಕಾಯುವುದಿಲ್ಲ. ಆ ಸಂದೇಶ ಮತ್ತೆ ಬಂದರೆ, ಅದರ ಕೆಳಗೆ ಇದನ್ನೂ ಫಾರ್ವರ್ಡ್ ಮಾಡಿ.