ವೀಸಾ 10 ವರ್ಷ, ವಾಸ ಎಷ್ಟು ದಿನ?

ಅಮೆರಿಕದಲ್ಲಿ ಓದುವ ಮಕ್ಕಳ ಘಟಿಕೋತ್ಸವಕ್ಕೆ ಹೊರಡುವ ತಂದೆ-ತಾಯಿ ಪಡೆಯುವುದು ಸಾಮಾನ್ಯವಾಗಿ ‘ಬಿ-2’ ಪ್ರವಾಸಿ ವೀಸಾ. ಭಾರತೀಯರಿಗೆ ಇದರ ಅವಧಿ ಬಹುಪಾಲು 10 ವರ್ಷ. ಹಾಗೆಂದು 10 ವರ್ಷವೂ ಅಲ್ಲಿ ಇರಬಹುದೆಂದಲ್ಲ. ವೀಸಾ ಎಂದರೆ ಆ ದೇಶದ ಬಾಗಿಲ ತನಕ ಹೋಗಲು ಪರವಾನಗಿ, ಅಷ್ಟೇ.

ಒಳಗೆ ಬಿಡಬೇಕೆ, ಎಷ್ಟು ದಿನ ಇರಗೊಡಬೇಕು ಎಂಬುದನ್ನು ನಿರ್ಧರಿಸುವವರು ವಿಮಾನ ನಿಲ್ದಾಣದ ಅಧಿಕಾರಿಗಳು. ಏಕೆ ಬಂದಿರಿ, ಎಲ್ಲಿ ಉಳಿಯುವಿರಿ, ಯಾವಾಗ ಮರಳುವಿರಿ ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಸಿದ್ಧವಿರಲಿ. ಪ್ರವಾಸಿಗಳಿಗೆ ಸಾಮಾನ್ಯವಾಗಿ ಸಿಗುವುದು 6 ತಿಂಗಳು. ಮರಳಬೇಕಾದ ದಿನಾಂಕ ‘ಐ-94’ ದಾಖಲೆಯಲ್ಲಿರುತ್ತದೆ. ವಿಮಾನದಲ್ಲಿ ಬರುವವರಿಗೆ 2013ರಿಂದ ಇದು ಕಂಪ್ಯೂಟರಿನಲ್ಲೇ ದಾಖಲಾಗುತ್ತಿದೆ. ಇಳಿದ ಮೇಲೆ ಇಂಟರ್‌ನೆಟ್ಟಿನಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು.

ಇನ್ನು ನಾಲ್ಕು ದಿನ ಮಗನ ಜೊತೆ ಇರೋಣವೆಂದು ಅನುಮತಿಯಿಲ್ಲದೆ ಉಳಿದರೆ ಆ ವೀಸಾ ತಾನಾಗಿಯೇ ರದ್ದು. 180 ದಿನ ಮೀರಿದರೆ 3 ವರ್ಷ, ವರ್ಷ ತುಂಬಿದರೆ 10 ವರ್ಷ ಮರುಪ್ರವೇಶವಿಲ್ಲ.

ಅಣ್ಣನನ್ನು ನೋಡಲು ಪ್ರವಾಸಿ ವೀಸಾದಲ್ಲಿ ಹೋದ ತಂಗಿ ಅದರಲ್ಲೇ ಅಲ್ಲಿನ ಕಾಲೇಜು ಸೇರುವಂತಿಲ್ಲ. ಅದಕ್ಕೆ ‘ಎಫ್-1’ ವಿದ್ಯಾರ್ಥಿ ವೀಸಾ ಬೇಕು. ಅದು ಕೈಯಲ್ಲಿದ್ದರೂ ಹೊಸ ವಿದ್ಯಾರ್ಥಿಗೆ ಕೋರ್ಸ್ ಆರಂಭಕ್ಕೆ 30 ದಿನಕ್ಕಿಂತ ಮುಂಚೆ ಪ್ರವೇಶವಿಲ್ಲ. ಟಿಕೆಟ್ ಕೊಳ್ಳುವ ಮುನ್ನವೇ ಈ ಲೆಕ್ಕ ಹಾಕಿಕೊಳ್ಳುವುದು ಜಾಣತನ.