ಬಿಡಿಭಾಗಗಳ ಬಂದೂಕು

ಗಂಗಾವತಿಯ ಬಳಿಯ ಶ್ರೀರಾಮನಗರದಂತಹ ಬತ್ತದ ಬಯಲಿನಲ್ಲಿ ಬಂದೂಕೆಂದೊಡನೆ ಬೆಳೆಯ ಕಾವಲು ನೆನಪಾಗುವುದು. ಪರದೇಶಗಳಲ್ಲಾದರೋ ನಳಿಗೆ, ಹಿಡಿಮರ ಮೊದಲಾದುವನ್ನು ಬೇರೆಬೇರೆಯಾಗಿ ಕೊಂಡು, ತಮಗೊಪ್ಪುವ ರೈಫಲನ್ನು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಹವ್ಯಾಸವುಂಟು. ಅದು ನಮಗೆ ಸಲ್ಲುವುದೆ ಎಂಬುದನ್ನು ವಿಚಾರಿಸೋಣ.

ಈ ಹವ್ಯಾಸಕ್ಕೆ ಒದಗುವವುಗಳಲ್ಲಿ .22 ಅಳತೆಯ ರೈಫಲೂ ಒಂದು. ಇದರ ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ಬುಡದ ನಡುವೆ ಇರದೆ ಅಂಚಿನ ಮಡಿಕೆಯಲ್ಲಿರುವುದು. ಅಂಚಿಗೆ ಪೆಟ್ಟು ಬಿದ್ದೊಡನೆ ಗುಂಡು ಹಾರುವುದು. ಈಗ ಎಲ್ಲೆಡೆಯೂ ಬಳಕೆಯಲ್ಲಿರುವ ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಒದೆತ ಅಲ್ಪ, ಬೆಲೆಯೂ ಅಲ್ಪ. ನಳಿಗೆಯನ್ನು ಕಳಚಿ ಚೀಲದಲ್ಲಿ ಒಯ್ಯುವಂತೆ ಮಾಡಿದಾಗ ಕಷ್ಟವೆಲ್ಲ ಕೂಡುಗಂಟಿನಲ್ಲಿ. ಮರಳಿ ಜೋಡಿಸಿದ ನಳಿಗೆ ಮೊದಲಿನ ನೆಲೆಯಲ್ಲಿಯೇ ಕೂಡದಿದ್ದರೆ ಗುರಿ ತಪ್ಪುವುದು. ತೋಟಾದ ಬುಡಕ್ಕೆ ಸರಿಯಾದ ಆಸರೆಯಿಲ್ಲದಿದ್ದರೆ ಅದು ಒಡೆದು ಹೊಡೆಯುವವನಿಗೇ ಅಪಾಯ.

ಇನ್ನು ಕಾನೂನಿನ ಮಾತು. ನಮ್ಮ ದೇಶದ 1959ರ ಆಯುಧ ಕಾಯಿದೆಯಲ್ಲಿ 'ಆಯುಧ' ಎಂಬುದರೊಳಗೆ ಅದರ ಭಾಗಗಳೂ ಸೇರಿರುವುವು. ಪರವಾನಗಿಯಿಲ್ಲದೆ ಬಂದೂಕು ತಯಾರಿಸಿದವರಿಗೆ 2019ರ ತಿದ್ದುಪಡಿಯ ಮೇರೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆಮನೆ. ಆದರೆ ಅದೇ ಕಾಯಿದೆಯ 13ನೆಯ ವಿಧಿಯು ನೇರವಾದ ದಾರಿಯನ್ನೂ ತೋರಿರುವುದು: ಗುರಿಯ ಅಭ್ಯಾಸಕ್ಕೆ .22 ರೈಫಲನ್ನು ಬಯಸುವವರು ಮನ್ನಣೆ ಪಡೆದ ರೈಫಲ್ ಸಂಘದ ಸದಸ್ಯರಾಗಿ ಪರವಾನಗಿ ಕೇಳಬಹುದು. ಬೆಳೆ ಕಾಯುವ ರೈತರು ಮೂತಿಯಿಂದ ಮದ್ದು ತುಂಬುವ ಬಂದೂಕಿಗೆ ಕೇಳಬಹುದು.

ಆದುದರಿಂದ ಯಂತ್ರದಲ್ಲಿ ಕುತೂಹಲವುಳ್ಳ ತರುಣರು ಮೊದಲು ಸಂಘದ ಬಾಗಿಲನ್ನು ತಟ್ಟಲಿ. ಬಿಡಿಭಾಗಗಳನ್ನು ತರಿಸಿಕೊಂಡ ಮೇಲೆ ಕಾಯಿದೆಯನ್ನು ಓದುವುದು ಬಹಳ ದುಬಾರಿಯಾದ ಪಾಠ.