ಮುಳ್ಳು ಜಿಗಿದ ಮಾತ್ರಕ್ಕೆ ಎಂಜಿನ್ ಬಿಚ್ಚಬೇಡಿ

ಹಳೆಯ ಪೋರ್ಷೆ 911 ಕಾರಿನಲ್ಲಿ ನೀರಿನ ರೇಡಿಯೇಟರ್ ಇಲ್ಲ. 1964ರಿಂದ 1998ರವರೆಗೆ ತಯಾರಾದ ಆ ಕಾರುಗಳ ಆರು ಸಿಲಿಂಡರುಗಳನ್ನು ಕಾಪಾಡುವುದು ಫ್ಯಾನಿನ ಗಾಳಿ ಮತ್ತು ಸುಮಾರು ಹತ್ತು ಲೀಟರ್ ಆಯಿಲ್. ಹಾಗಾಗಿ ಮಾಲೀಕರ ಕಣ್ಣು ಸದಾ ಆಯಿಲ್ ಬಿಸಿ ತೋರಿಸುವ ಮೀಟರಿನ ಮೇಲೆಯೇ. ಹೆಡ್‌ಲೈಟ್ ಹಾಕಿದೊಡನೆ ಅದರ ಮುಳ್ಳು ಕೆಂಪಿನತ್ತ ಜಿಗಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಆದರೆ ಹತ್ತು ಲೀಟರ್ ಆಯಿಲ್ ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತು ಡಿಗ್ರಿ ಏರಲಾರದು. ಹಾಗೆ ಜಿಗಿಯುವ ಮುಳ್ಳಿನ ಹಿಂದಿರುವುದು ವೈರಿಂಗ್ ದೋಷ, ಹೆಚ್ಚಿನ ಸಲ ಅರ್ತ್ ದೋಷ. ಮೀಟರಿನ ಒಳಗಿನ ಬಲ್ಬೂ ಮುಳ್ಳೂ ಒಂದೇ ಅರ್ತ್ ವೈರನ್ನು ಹಂಚಿಕೊಂಡಿರುತ್ತವೆ. ಅದು ಸಡಿಲವಾದರೆ ಬಲ್ಬಿನ ಕರೆಂಟು ಮುಳ್ಳನ್ನೂ ಅಲ್ಲಾಡಿಸುತ್ತದೆ. 911ರ ಮೀಟರುಗಳು ರಬ್ಬರ್ ಬಳೆಯ ಹಿಡಿತದಲ್ಲಷ್ಟೇ ಕೂತಿರುವುದರಿಂದ ಮೆಲ್ಲಗೆ ತಿರುಗಿಸುತ್ತ ಎಳೆದರೆ ಕೈಗೆ ಬರುತ್ತವೆ. ಹಿಂದಿರುವ ಕಂದು ಬಣ್ಣದ ವೈರೇ ಅರ್ತ್. ಅದರ ತುದಿಯನ್ನು ಉಜ್ಜಿ ಬಿಗಿಯಾಗಿ ಕೂರಿಸಿ. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ದಪ್ಪ ಅರ್ತ್ ಪಟ್ಟಿಯ ಎರಡೂ ತುದಿಗಳನ್ನು ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ತಿಕ್ಕಬೇಕು. ಸ್ಟಾರ್ಟರ್ ಸೋಮಾರಿಯಂತೆ ತಿರುಗುತ್ತಿದ್ದರೆ ಮೊದಲ ಅನುಮಾನ ಈ ಪಟ್ಟಿಯ ಮೇಲೆ.

ಮುಂದಿನದು ಸೆನ್ಸರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಮುಳ್ಳು ಮೇಲೇರುತ್ತದೆ. ಕೀ ಆನ್ ಮಾಡಿ ಸೆನ್ಸರಿನ ವೈರ್ ಕಳಚಿ: ಮುಳ್ಳು ಕೆಳಗೆ ಬೀಳಬೇಕು. ಆ ವೈರನ್ನು ಅರೆಕ್ಷಣ ಎಂಜಿನ್ನಿಗೆ ತಾಗಿಸಿದರೆ ತುತ್ತತುದಿಗೆ ಓಡಬೇಕು. ಎರಡೂ ಆದರೆ ಮೀಟರೂ ವೈರೂ ಸರಿಯಾಗಿವೆ, ಸೆನ್ಸರನ್ನೇ ಪರೀಕ್ಷಿಸಿ. ಅದಕ್ಕೆ ಅರ್ತ್ ಸಿಗುವುದು ತನ್ನ ತಿರುಪಿನ ಮರೆಯಿಂದಲೇ. ಆಯಿಲ್ ಸೋರದಿರಲೆಂದು ಅಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಅರ್ತ್ ಕೆಡಬಹುದು.

ಸೆನ್ಸರಿನ ಲೋಹಕ್ಕೆ ಅರ್ತ್ ವೈರ್ ಸಿಕ್ಕಿಸಿ ಕುದಿಯುವ ನೀರಿನಲ್ಲಿ ಅದ್ದಿದರೆ ಮುಳ್ಳು ನೂರರ ಆಸುಪಾಸಿನಲ್ಲಿ ನಿಲ್ಲಬೇಕು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಈ ಪರೀಕ್ಷೆ ಮಾಡುವವರು ನೆನಪಿಡಬೇಕು, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ನಿಧಾನವಾಗಿ ಏರಿ ಅಲ್ಲೇ ನಿಲ್ಲುವ ಮುಳ್ಳಿನ ಕಥೆ ಬೇರೆ. ಅದನ್ನು ನಂಬಬೇಕು. ಬಲಗಡೆ ಮುಂದಿನ ಮಡ್‌ಗಾರ್ಡಿನೊಳಗೆ ಆಯಿಲ್ ಕೂಲರ್ ಇರುವ ಕಾರುಗಳಲ್ಲಿ ಥರ್ಮೋಸ್ಟಾಟ್ ಸುಮಾರು 85 ಡಿಗ್ರಿಯಲ್ಲಿ ತೆರೆದು ಆಯಿಲನ್ನು ಅಲ್ಲಿಗೆ ಕಳಿಸುತ್ತದೆ. ಮೀಟರ್ 120 ತೋರಿಸುತ್ತಿದ್ದರೂ ಕೂಲರಿನ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ಸಿಕ್ಕಿಹಾಕಿಕೊಂಡಿರಬಹುದು. ಆಗ ಕಾರು ಓಡಿಸಲೇಬೇಡಿ.

ಇಷ್ಟು ಕಳಕಳಿಯಿಂದ ಹೇಳಲು ಕಾರಣವಿದೆ. ಪದೇ ಪದೇ ಸುಳ್ಳು ಹೇಳುವ ಮೀಟರನ್ನು ಜನ ನೋಡುವುದನ್ನೇ ಬಿಡುತ್ತಾರೆ, ನಿಜವಾಗಿ ಬಿಸಿ ಏರಿದ ದಿನ ಎಂಜಿನ್ ಸುಡುತ್ತದೆ. ಹೊಸ ಸೆನ್ಸರ್ ತರಿಸುವಾಗಲೂ ಎಚ್ಚರ ಬೇಕು. ವಿಡಿಒ ಕಂಪನಿಯ ಸೆನ್ಸರುಗಳಲ್ಲಿ 120 ಡಿಗ್ರಿಯವೂ 150 ಡಿಗ್ರಿಯವೂ ಇವೆ, ಮರೆ ಒಂದೇ ಆದರೂ ಲೆಕ್ಕ ಒಂದೇ ಅಲ್ಲ. ನಿಮ್ಮ ಮೀಟರಿನ ಅಳತೆಗೆ ಹೊಂದುವುದನ್ನೇ ಕೇಳಿ ತರಿಸಿ.